ಕೂಡಿ ಮಾಡುವ ಉಪವಾಸ

(ಸಂಘದ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉಪವಾಸವೆಂದರೇನೆಂದು ಗುಜರಾತಿನಲ್ಲಿ ನೆಲೆಸಿರುವ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಏಕಾದಶಿಯಂದು ಅಹಮದಾಬಾದಿನ ಉಪಾಹಾರಗೃಹಗಳಲ್ಲಿ ಫರಾಳದ ತಿನಿಸುಗಳು ಸಿದ್ಧವಾಗಿರುತ್ತವೆ. ಪರ್ಯೂಷಣದಲ್ಲಿ ನೆರೆಮನೆಯ ಜೈನ ಗೃಹಿಣಿ ಎಂಟು ದಿನ ಕಾಯಿಸಿದ ನೀರನ್ನಷ್ಟೇ ಕುಡಿದಿರುತ್ತಾಳೆ. ರಮಜಾನಿನ ಸಂಜೆ ಸೂರತ್ತಿನ ಗಲ್ಲಿಗಳಲ್ಲಿ ಖರ್ಜೂರದ ತಟ್ಟೆಗಳು ಹೊರಬರುತ್ತವೆ. ಆದರೆ ಇದೇ ಊರುಗಳಲ್ಲಿ ಕ್ರೈಸ್ತರೂ ಒಟ್ಟಾಗಿ ಕುಳಿತು ಉಪವಾಸ ಮಾಡುತ್ತಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಹುಬ್ಬಳ್ಳಿಯ ಬಾಸೆಲ್ ಮಿಶನ್ ಪರಂಪರೆಯ ಮನೆತನದಲ್ಲಿ ಹುಟ್ಟಿ, ಹೊಟ್ಟೆಪಾಡಿಗಾಗಿ ಅಹಮದಾಬಾದು, ವಡೋದರಾ, ಸೂರತ್ತುಗಳನ್ನು ಸುತ್ತಿದವನು ನಾನು. ನಾನು ಕಂಡಷ್ಟನ್ನು ತಮ್ಮ ಮುಂದಿಡುತ್ತೇನೆ.

ಕೆಥೊಲಿಕರಲ್ಲಿ ಬೂದಿ ಬುಧವಾರದಿಂದ ಈಸ್ಟರಿನವರೆಗೆ, ಭಾನುವಾರಗಳನ್ನು ಬಿಟ್ಟು, ನಲವತ್ತು ದಿನಗಳ ತಪಸ್ಸುಕಾಲವಿದೆ. ನಮ್ಮಂಥ ಪ್ರಾಟೆಸ್ಟೆಂಟರಲ್ಲಿ ಇದರ ಜೊತೆಗೆ ‘ಉಪವಾಸ ಪ್ರಾರ್ಥನೆ’ ಎಂಬ ರೂಢಿಯೂ ಉಂಟು. ಬೆಳಗಿನಿಂದ ಏನನ್ನೂ ತಿನ್ನದೆ ಜನ ಬಂದು ಜಮಖಾನೆಯ ಮೇಲೆ ಕೂರುತ್ತಾರೆ. ಒಂದು ಕೀರ್ತನೆ, ಒಂದು ವಾಚನ, ಅನಂತರ ದೀರ್ಘ ಮೌನ. ರೋಗಿಗಳ, ನಿರುದ್ಯೋಗಿಗಳ, ಮನೆಬಿಟ್ಟು ಹೋದ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿ ಪ್ರಾರ್ಥಿಸುತ್ತಾರೆ. ಮೊದಲ ಸಲ ಅಹಮದಾಬಾದಿನ ಗುಜರಾತಿ ಸಭೆಯಲ್ಲಿ ಕುಳಿತಾಗ ನನಗೆ ಅರ್ಥವಾದ ಪದಗಳು ಎರಡೇ: ಉಪವಾಸ, ಪ್ರಾರ್ಥನೆ. ಅಷ್ಟು ಸಾಕಾಗಿತ್ತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಉಪವಾಸವನ್ನು ಜನರಿಗೆ ತೋರಗೊಡದೆ ಗುಟ್ಟಾಗಿ ಮಾಡಬೇಕೆಂದು ಯೇಸು ಬೋಧಿಸಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಹಾಗಿದ್ದರೆ ಕೂಡಿ ಮಾಡುವುದೇಕೆ? ಹಳೆಯ ಒಡಂಬಡಿಕೆಯ ನಿನೆವೆ ಪಟ್ಟಣದ ಕಥೆಯಲ್ಲಿ ಅರಸನಿಂದ ದನಕರುಗಳವರೆಗೆ ಎಲ್ಲರೂ ಉಪವಾಸವಿರುತ್ತಾರೆ. ತಪ್ಪು ಊರಿನದಾದಾಗ ಪಶ್ಚಾತ್ತಾಪವೂ ಊರಿನದೇ ಆಗಬೇಕು. ಇನ್ನು ಯೆಶಾಯನು ತನ್ನ ಗ್ರಂಥದ 58ನೆಯ ಅಧ್ಯಾಯದಲ್ಲಿ ಹಸಿದವನೊಡನೆ ಅನ್ನವನ್ನು ಹಂಚಿಕೊಳ್ಳದ ಉಪವಾಸ ದೇವರಿಗೆ ಬೇಡವೆಂದು ಖಂಡಿತವಾಗಿ ಹೇಳಿಬಿಡುತ್ತಾನೆ.

ಈ ಮಾತಿನ ಅರ್ಥ ನನಗಾದದ್ದು ಗ್ರಂಥದಿಂದಲ್ಲ. 1980ರ ದಶಕದಲ್ಲಿ ಅಹಮದಾಬಾದಿನ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ ನಾನಿದ್ದ ಗಿರಣಿಯೂ ಮುಚ್ಚಿತು. ಬರಬೇಕಾದ ಸಂಬಳ ಬರಲಿಲ್ಲ. ಒಂದು ಶುಕ್ರವಾರ ಉಪವಾಸ ಪ್ರಾರ್ಥನೆಗೆ ಹೋದೆ. ಭಕ್ತಿಯಿಂದಲ್ಲ ಬಂಧುಗಳೇ, ಮನೆಯಲ್ಲಿ ಹಿಟ್ಟು ಮುಗಿದಿತ್ತು. ಎಲ್ಲರೂ ಉಣ್ಣದೆ ಕುಳಿತಲ್ಲಿ ನನ್ನ ಹಸಿವಿಗೆ ಮರ್ಯಾದೆಯ ಮುಸುಕು ಸಿಕ್ಕೀತೆಂದು ಹೋದೆ. ಪಕ್ಕದಲ್ಲಿದ್ದ ಮುದುಕಿ ನನ್ನನ್ನು ಎರಡು ಸಲ ನೋಡಿದಳು. ಆ ಸಭೆಯ ಹೆಂಗಸರು ತಾವು ಬಿಟ್ಟ ಊಟದ ಧಾನ್ಯವನ್ನು ಬಟ್ಟೆಯ ಚೀಲದಲ್ಲಿ ತರುತ್ತಿದ್ದರು. ಎಲ್ಲರೂ ಎದ್ದ ಮೇಲೆ ಆಕೆ ತನ್ನ ಸಜ್ಜೆಯ ಚೀಲವನ್ನು ಮಾತಿಲ್ಲದೆ ನನ್ನ ಚಪ್ಪಲಿಯ ಬಳಿ ಇಟ್ಟು ಹೊರಟುಹೋದಳು.

ಆಕೆಯ ತಾಯಿ 1899–1900ರ ಮಹಾಕ್ಷಾಮದಲ್ಲಿ ಅನಾಥಳಾಗಿ ಮಿಶನ್ನಿನ ಆಶ್ರಯದಲ್ಲಿ ಬೆಳೆದವಳೆಂದು ಆಮೇಲೆ ತಿಳಿಯಿತು. ವಿಕ್ರಮ ಸಂವತ್ 1956ರಲ್ಲಿ ಬಂದುದರಿಂದ ಆ ಬರವನ್ನು ಇಲ್ಲಿನವರು ‘ಛಪ್ಪನಿಯೊ’ ಎನ್ನುತ್ತಾರೆ. ಹಸಿವು ಯಾರೂ ಆರಿಸಿಕೊಂಡದ್ದಲ್ಲ, ಉಪವಾಸ ಆರಿಸಿಕೊಂಡದ್ದು. ಹಸಿವನ್ನು ಬಲ್ಲ ಮನೆತನದ ಆಕೆಗೆ ಉಪವಾಸಿಗಳ ನಡುವೆ ಕುಳಿತ ಹಸಿದವನು ಯಾರೆಂದು ಗುರುತು ಸಿಕ್ಕಿತ್ತು.

ಸಾರ್ವಜನಿಕ ಉಪವಾಸಕ್ಕೆ ಅಹಮದಾಬಾದು ಪ್ರಸಿದ್ಧವಾದ ಊರು. 1918ರ ಮಾರ್ಚಿಯಲ್ಲಿ ಗಾಂಧೀಜಿಯವರು ಗಿರಣಿ ಕಾರ್ಮಿಕರ ಮುಷ್ಕರ ಸಡಿಲವಾಗದಿರಲೆಂದು ಮೂರು ದಿನ ಉಪವಾಸವಿದ್ದರು. ಅದು ಸ್ನೇಹಿತರಾದ ಮಾಲೀಕರ ಮೇಲೆ ಒತ್ತಡ ತಂದಿತು, ಆದ್ದರಿಂದ ದೋಷಯುಕ್ತವೆಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡರು. 1924ರಲ್ಲಿ ಹಿಂದೂ–ಮುಸ್ಲಿಂ ಐಕ್ಯಕ್ಕಾಗಿ ದಿಲ್ಲಿಯಲ್ಲಿ ಕೈಗೊಂಡ 21 ದಿನಗಳ ಉಪವಾಸ ಮುಗಿದಾಗ ಕುರಾನಿನ ಪಠಣವಾಯಿತು, ವಿನೋಬಾ ಉಪನಿಷತ್ತನ್ನು ಹೇಳಿದರು, ಸಿ.ಎಫ್. ಆಂಡ್ರೂಸರು ಕ್ರೈಸ್ತ ಕೀರ್ತನೆಯೊಂದನ್ನು ಹಾಡಿದರು. ಒತ್ತಡದ ಉಪವಾಸ ಬೇರೆ, ಆತ್ಮಶೋಧನೆಯದು ಬೇರೆ. ಅವುಗಳ ನಡುವಿನ ಗೆರೆ ಮಾತ್ರ ಬಲು ತೆಳುವಾದದ್ದು.

ಆ ಗೆರೆಯ ಮೇಲೆ ನಾವೂ ಒಮ್ಮೆ ನಿಂತೆವು. 1998ರ ಕ್ರಿಸ್ಮಸ್ಸಿನ ದಿನದಿಂದ ಡಾಂಗ್ ಜಿಲ್ಲೆಯ ಆದಿವಾಸಿ ಕ್ರೈಸ್ತರ ಪ್ರಾರ್ಥನಾಮಂದಿರಗಳ ಮೇಲೆ ದಾಳಿಗಳಾದವು. ನಾನಾಗ ಸೂರತ್ತಿನಲ್ಲಿದ್ದೆ. ನಮ್ಮ ಚಿಕ್ಕ ಸಭೆ ಉಪವಾಸ ಕುಳಿತಿತು. ಬೀದಿಗಿಳಿದು ಫಲಕ ಹಿಡಿಯೋಣವೆಂದರು ತರುಣರು. ಅದು ನಿಮ್ಮ ಹಕ್ಕು, ನಾಳೆ ಹೋಗಿ. ಇಂದು ಮಾತ್ರ ಬೆಂಕಿಯಿಟ್ಟವರಿಗಾಗಿಯೂ ಪ್ರಾರ್ಥಿಸಬೇಕು ಎಂದರು ಒಬ್ಬ ಹಿರಿಯರು. ಬಹಳ ಹೊತ್ತು ಯಾರ ದನಿಯೂ ಏಳಲಿಲ್ಲ. ನನಗಂತೂ ಆಗಲಿಲ್ಲ, ಹೊಟ್ಟೆ ಬರಿದಾಗಿತ್ತು, ಸಿಟ್ಟು ಬರಿದಾಗಿರಲಿಲ್ಲ. ಕೊನೆಗೆ ಒಬ್ಬಾಕೆ ನ್ಯೂಮನ್ನನ ಬೆಳಕಿನ ಪ್ರಾರ್ಥನೆಯನ್ನು ನರಸಿಂಹರಾವ್ ದಿವೇಟಿಯಾ ಅವರ ಗುಜರಾತಿಯಲ್ಲಿ ಎತ್ತಿಕೊಂಡಳು. ಬಿ.ಎಂ.ಶ್ರೀಯವರ ಕನ್ನಡದಲ್ಲಿ ಅದನ್ನೇ ನಾನು ತುಟಿಯೊಳಗೆ ಹೇಳಿಕೊಂಡೆ. ಅಂದು ನನ್ನಿಂದಾದ ಪ್ರಾರ್ಥನೆ ಅಷ್ಟೇ.

ಕೊನೆಯದಾಗಿ ಒಂದು ಮನೆಯ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ವಾರ್ಷಿಕ ಭೋಜನವನ್ನು, ರಜೆಯ ದಿನವೆಂದು, ಶುಭ ಶುಕ್ರವಾರ ಇಟ್ಟುಕೊಂಡಿದ್ದರು. ಹೋಳಿಗೆ ಬಡಿಸಿದ ಹೊತ್ತಿಗೆ ನಮ್ಮ ನಾಲ್ಕು ಮನೆಗಳವರು ಮೂರು ಗಂಟೆಯ ಆರಾಧನೆಯಲ್ಲಿ ಉಪವಾಸವಿದ್ದೆವು. ಇದರಲ್ಲಿ ದ್ವೇಷವಿರಲಿಲ್ಲ, ಗೊತ್ತಿರಲಿಲ್ಲ ಅಷ್ಟೇ. ನಾವೂ ಹೇಳಲಿಲ್ಲ, ಆ ತಪ್ಪು ನಮ್ಮದು. ಪರನಾಡಿನಲ್ಲಿ ಕನ್ನಡದ ಹೆಸರಿನಲ್ಲಿ ಕೂಡಿದವರು ನಾವು. ಭೋಜನದ ದಿನವನ್ನು ಬದಲಿಸಿರೆಂದು ಕೇಳಲು ಇಲ್ಲಿ ನಿಂತಿಲ್ಲ. ಪಂಕ್ತಿಯಲ್ಲಿ ಯಾರ ಎಲೆ ಖಾಲಿಯಿದೆ, ಅವರೇಕೆ ಬಂದಿಲ್ಲ ಎಂದು ಒಮ್ಮೆ ವಿಚಾರಿಸಿರಿ. ಆ ಮುದುಕಿ ಎರಡು ಸಲ ನೋಡಿದಳಲ್ಲ, ಹಾಗೆ.