ಚರಿತ್ರೆಯ ಬೋಧನೆಯಲ್ಲಿ ಮೂಲಾಧಾರಗಳು
(ಬಿಳೇಕಹಳ್ಳಿಯಲ್ಲಿ ಮಾಡಿದ ಉಪನ್ಯಾಸ)



ಬೆಂಗಳೂರಿಗೆ ಆ ಹೆಸರು ಹೇಗೆ ಬಂದಿತೆಂದು ಪಾಠಶಾಲೆಯ ಮಕ್ಕಳನ್ನು ಕೇಳಿದರೆ, ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಹಸಿದು ಬಂದುದನ್ನೂ, ಮುದುಕಿಯೊಬ್ಬಳು ಬೆಂದ ಕಾಳುಗಳನ್ನಿತ್ತುದನ್ನೂ, ಊರು ಬೆಂದಕಾಳೂರಾದುದನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವರು. ಕಥೆ ಸೊಗಸಾದುದೇ. ಆದರೆ ಈ ಬಿಳೇಕಹಳ್ಳಿಯಿಂದ ಕೆಲವೇ ಮೈಲಿಗಳ ದೂರದಲ್ಲಿ, ಬೇಗೂರಿನ ನಾಗೇಶ್ವರ ದೇವಾಲಯದ ಬಳಿಯಲ್ಲಿರುವ ಒಂದು ಕಲ್ಲು ಅದನ್ನು ಒಪ್ಪುವುದಿಲ್ಲ. ಸುಮಾರು ಕ್ರಿ. ಶ. 890ರದೆಂದು ವಿದ್ವಾಂಸರು ನಿರ್ಣಯಿಸಿರುವ ಆ ಗಂಗರ ಕಾಲದ ಶಾಸನದಲ್ಲಿ ಬೆಂಗುಳೂರಿನ ಕಾಳೆಗದ ಮಾತು ಬಂದಿರುವುದು. ಬಲ್ಲಾಳನು ಹುಟ್ಟುವುದಕ್ಕೆ ಆಗ ಇನ್ನೂ ಇನ್ನೂರು ವರ್ಷಗಳಿಗಿಂತ ಹೆಚ್ಚು ಕಾಲವಿದ್ದಿತು.

ಇದನ್ನು ಉಪಾಧ್ಯಾಯನು ಬಾಯಿಮಾತಿನಲ್ಲಿ ಹೇಳಿ ಮುಗಿಸಿದರೆ ಮಕ್ಕಳು ಒಂದು ಕಥೆಯನ್ನು ಬಿಟ್ಟು ಇನ್ನೊಂದನ್ನು ಕಂಠಪಾಠ ಮಾಡುವರು, ಅಷ್ಟೇ. ಅವರನ್ನು ಕಲ್ಲಿನ ಮುಂದೆಯೇ ಕುಳ್ಳಿರಿಸಬೇಕು. ಹಳೆಯ ಲಿಪಿಯನ್ನು ಅವರು ಓದಲಾರರು. ವಿದ್ವಾಂಸರು ಓದಿ ಅಚ್ಚುಮಾಡಿಸಿರುವ ಪಾಠವನ್ನು ಕೈಗೆ ಕೊಟ್ಟರಾಯಿತು. ಅನಂತರ, ಕಲ್ಲು ಏನು ಹೇಳುತ್ತದೆಯೋ ಅದನ್ನು ಮಾತ್ರ ಬರೆಯಿರೆಂದು ಹೇಳಬೇಕು. ಗಂಗರ ಸಾಮಂತನಾದ ನಾಗತ್ತರನ ಕಡೆಯ ಬುಟ್ಟಣಸೆಟ್ಟಿಯು ಆ ಕಾಳೆಗದಲ್ಲಿ ಸತ್ತನು. ಹೆಚ್ಚಿನ ವಿವರವೇನೂ ಇಲ್ಲ. ಮಹಾನಗರದ ಹೆಸರು ನಮಗೆ ಮೊದಲು ದೊರೆಯುವುದು ಅರಸನ ಬಿರುದಿನೊಡನಲ್ಲ, ಒಬ್ಬನ ಸಾವಿನ ಸುದ್ದಿಯೊಡನೆ. ಆದರೂ ಯಾರೋ ಒಬ್ಬ ಜಾಣ ಹುಡುಗನು ‘ವೀರಾವೇಶದಿಂದ ಕಾದಾಡಿ ಶತ್ರುಗಳನ್ನು ಓಡಿಸಿ’ ಎಂದು ಸೇರಿಸದಿರುವುದಿಲ್ಲ. ಕಲ್ಲಿನಲ್ಲಿ ಇದೆಲ್ಲಿದೆ, ಮಗು, ತೋರಿಸು, ಎಂದು ಕೇಳಬೇಕು. ಅವನು ಹುಡುಕಿ, ಕಾಣದೆ, ತಾನೇ ಆ ಸಾಲನ್ನು ಹೊಡೆದುಹಾಕುವಾಗ ಕಲಿಯುವುದನ್ನು ಹತ್ತು ಪ್ರಬಂಧಗಳನ್ನು ಬರೆದರೂ ಕಲಿಯಲಾರನು.

ಶಿಲೆಯಂತೆಯೇ ಓಲೆ. ಬಿಜಾಪುರದ ಫ. ಗು. ಹಳಕಟ್ಟಿಯವರು ವಕೀಲರು, ಸಾಕ್ಷ್ಯದ ಬೆಲೆಯನ್ನರಿತವರು. ಅವರು ಊರೂರುಗಳಿಂದ ತಾಳೆಯೋಲೆಗಳನ್ನು ಕೂಡಿಸಿ, ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು; 1926ರಲ್ಲಿ ಶಿವಾನುಭವ ಪತ್ರಿಕೆಯನ್ನಾರಂಭಿಸಿದರು. ಒಂದೇ ವಚನವು ಎರಡು ಪ್ರತಿಗಳಲ್ಲಿ ಎರಡು ಬಗೆಯಾಗಿರುವುದುಂಟು. ಯಾವ ಪಾಠವು ಮೇಲು, ಏಕೆ, ಎಂಬುದನ್ನು ಮಕ್ಕಳು ಅರ್ಧ ಪುಟದಲ್ಲಿ ಬರೆಯಲಿ. ಉತ್ತರವು ತಪ್ಪಾದರೂ ಚಿಂತೆಯಿಲ್ಲ, ಕಾರಣವನ್ನು ಕೊಡದಿರಬಾರದು. ವರ್ಷಕ್ಕೊಮ್ಮೆ ವಿಭೂತಿ ಪತ್ರೆಗಳನ್ನೇರಿಸಿ ಮತ್ತೆ ಕಟ್ಟಿಡುವ ಓಲೆಯ ಕಟ್ಟುಗಳು ಎಲ್ಲೆಲ್ಲಿವೆಯೋ, ಅಲ್ಲಿಯ ಹಿರಿಯರು ಒಂದು ಕಟ್ಟನ್ನಾದರೂ ಮಕ್ಕಳ ಮುಂದೆ ಬಿಚ್ಚಿದರೆ ಪೂಜೆಗೆ ಕುಂದು ಬಾರದು.

ಶಾಸನವೂ ಓಲೆಯೂ ದೊರೆಯದ ಕಡೆ ಮನೆಯ ಪೆಟ್ಟಿಗೆಯಿದೆ. ಹೊಲಗಳು ಹೋಗಿ ಬೀದಿಗಳಾಗಿರುವ ಈ ಸೀಮೆಯಲ್ಲಿ, ಅಜ್ಜನ ಕಾಲದ ಒಂದು ಕ್ರಯಪತ್ರವನ್ನು ಹುಡುಗನು ತರಲಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಕಾಲುವೆ, ಉತ್ತರಕ್ಕೆ ಯಾವ ಮರ ಎಂದು ಅದರ ಚಕ್ಕುಬಂದಿಯನ್ನೋದಿಕೊಂಡು, ಆ ಕಾಗದವನ್ನು ಹಿಡಿದು ಬೀದಿಯಲ್ಲಿ ನಡೆದುನೋಡಿ, ಈಗ ಅಲ್ಲಲ್ಲಿ ಏನಿದೆಯೆಂಬುದನ್ನು ಬರೆದು ತರಲಿ.