ಡಯಾಲಿಸಿಸ್ ರೋಗಿಯ ಮನೆಯಲ್ಲಿ ಆರೈಕೆ ಮಾಡುವವರ ಪಾಡು

(ಸಂಘದ ಮಹಿಳಾ ಸದಸ್ಯರ ಸಭೆಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರಿಗೆ ಮನುಷ್ಯರ ಕಾಯಿಲೆಯ ಮಾತೇಕೆ ಎಂದು ನೀವು ಕೇಳಬಹುದು. ನನಗೆ ಇದು ತಿಳಿದದ್ದೇ ಒಂದು ಹಸುವಿನಿಂದ. ಸದಸ್ಯೆಯೊಬ್ಬರ ಹಸುವಿಗೆ ಒಂದೇ ಸೂಲಿನಲ್ಲಿ ಮೂರು ಸಲ ಕೆಚ್ಚಲು ಬಾವು ಬಂತು. ಕೊಟ್ಟಿಗೆ ನೋಡಿದರೆ ಚೊಕ್ಕಟ. ವಿಚಾರಿಸಿದಾಗ ಆಕೆ, "ವಾರಕ್ಕೆ ಮೂರು ದಿನ ಯಜಮಾನ್ರನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಬೇಕು ಡಾಕ್ಟ್ರೇ. ಬಸ್ಸು ತಪ್ಪುತ್ತೆ ಅಂತ ಅರ್ಧಂಬರ್ಧ ಕರೆದು ಓಡ್ತೀನಿ" ಎಂದರು.

ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 4 ಗಂಟೆ ಬೇಕು. ಹೋಗಿ ಬರುವುದು ಸೇರಿದರೆ ಇಡೀ ದಿನ. ಮೂತ್ರಪಿಂಡ ಪೂರ್ತಿ ಕೆಟ್ಟವರಿಗೆ ಕಸಿ ಆಗದಿದ್ದರೆ ಇದು ಬದುಕಿರುವ ತನಕ ನಡೆಯಬೇಕಾದದ್ದು.

ಮನೆಯಲ್ಲಿ ಜಗಳ ಹುಟ್ಟುವುದು ನೀರಿನಿಂದ. ಬಾಯಾರಿದವನು ಕೇಳುತ್ತಾನೆ, ಹೆಂಡತಿ ಬೇಡವೆನ್ನಬೇಕು. ವೈದ್ಯರು ಹೇಳಿದ ದಿನದ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದು ರೋಗಿಯ ಕೈಗೇ ಕೊಟ್ಟುಬಿಡಿ. ಕಾಫಿ, ಮಜ್ಜಿಗೆ, ಸಾರು ಕುಡಿದಷ್ಟು ನೀರನ್ನು ಅದರಿಂದ ಚೆಲ್ಲಿದರಾಯಿತು. ಲೆಕ್ಕ ಅವರದೇ ಆಗುತ್ತದೆ, ನೀವು ಪೊಲೀಸರಾಗಬೇಕಿಲ್ಲ. ಹಾಲಿನಲ್ಲಿ ರಂಜಕ ಹೆಚ್ಚು, ಅದಕ್ಕೂ ಮಿತಿ ಉಂಟು. ಹಾಲಿನ ಒಕ್ಕೂಟದವನೇ ಹೀಗೆನ್ನುವುದೇ ಎಂದು ನಗಬೇಡಿ!

ನೆಂಟರು ಎಳನೀರು, ಬಾಳೆಹಣ್ಣು ಹಿಡಿದು ಬರುತ್ತಾರೆ. ಇವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಲ್ಲಬಹುದು. ಅದರ ಬದಲು ವಾರಕ್ಕೊಂದು ಸಲ ಆಸ್ಪತ್ರೆಯ ಸರದಿ ಹೊತ್ತುಕೊಳ್ಳಿ ಎಂದು ಬಾಯಿಬಿಟ್ಟು ಕೇಳಿ. ಕೇಳಲು ಸಂಕೋಚಪಟ್ಟು ಸೊರಗಿದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ.

ಹಸು ಮಾರಿಬಿಡಿ ಎಂದು ಹೇಳುವವರಿದ್ದಾರೆ. ನಾನು ಹೇಳಲಾರೆ, ಬಸ್ಸಿನ ದುಡ್ಡು ಹುಟ್ಟುವುದೇ ಹಾಲಿನಿಂದ. ಆ ಮೂರು ದಿನ ಕರೆಯಲು ಪಕ್ಕದ ಮನೆಯವರೊಬ್ಬರನ್ನು ಗೊತ್ತುಮಾಡಿ. ದಿನಕ್ಕೊಬ್ಬರು ಬೇಡ, ಕೈ ಬದಲಾದರೆ ಹಸು ಸೊರೆ ಬಿಡುವುದಿಲ್ಲ. ಮೊದಲ ವಾರ ಅವರು ನಿಮ್ಮ ಜೊತೆಯಲ್ಲೇ ಕೂತು ಕರೆಯಲಿ.

ಬಡತನ ರೇಖೆಗಿಂತ ಕೆಳಗಿನವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲಿ ಆರಂಭವಾಗಿದೆ. ಪಡಿತರ ಚೀಟಿ, ಆಯುಷ್ಮಾನ್ ಕಾರ್ಡು ಹಿಡಿದು ವಿಚಾರಿಸಿ.

ಆ ಸದಸ್ಯೆಯ ಮನೆಯಲ್ಲಿ ಈಗ ಓರಗಿತ್ತಿ ಹಾಲು ಕರೆಯುತ್ತಾರೆ. ಯಜಮಾನರು ಯಂತ್ರದ ಪಕ್ಕ ಮಲಗಿದ್ದ ಹೊತ್ತಿನಲ್ಲಿ ಈಕೆ ಅದೇ ಆಸ್ಪತ್ರೆಯಲ್ಲಿ ತಮ್ಮ ರಕ್ತದೊತ್ತಡ ನೋಡಿಸಿಕೊಂಡರು. ಏರಿತ್ತು. ಮಾತ್ರೆ ಶುರುಮಾಡಿದ್ದಾರೆ.