ನೀರಸಾಗರಕ್ಕೆ ಎಷ್ಟು ಮತ?



ನಗರಾಡಳಿತದ ಮೇಲಿನ ವಿಚಾರ ಸಂಕಿರಣವನ್ನು ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿ ಗ್ರಾಮದಲ್ಲಿ ಯಾಕೆ ಇಟ್ಟಿರಿ, ಹುಬ್ಬಳ್ಳಿಯಲ್ಲಿ ಎ.ಸಿ. ಸಭಾಂಗಣ ಸಿಗಲಿಲ್ಲವೇ ಎಂದು ಸಂಘಟಕರನ್ನು ಕೆಲವರು ಕೇಳಿದರಂತೆ. ಸಿಗುತ್ತಿತ್ತು. ಆದರೆ ಹುಬ್ಬಳ್ಳಿಯ ನೀರಿನ ಬಗ್ಗೆ ಹುಬ್ಬಳ್ಳಿಯಲ್ಲೇ ಕೂತು ಮಾತಾಡಿ ನಮ್ಮ ರಾಜ್ಯಶಾಸ್ತ್ರ ದಾರಿ ತಪ್ಪಿತು ಎಂಬುದು ನನ್ನ ಬಹುಕಾಲದ ತಕರಾರು. ಹಾಗಾಗಿ ಈ ಊರಿಗೆ ಕರೆದಾಗ ಒಂದೇ ಮಾತಿಗೆ ಒಪ್ಪಿದೆ.

ಮುಂದಿನ ಸಾಲಿನಲ್ಲಿ 24×7 ನೀರು ಪೂರೈಕೆ ಯೋಜನೆಯನ್ನು ಅರೆದು ಕುಡಿದವರು ಕೂತಿದ್ದಾರೆ. ಅವರೆದುರು ನಾನು ವಿವರಿಸುವುದು ಉದ್ಧಟತನವಾದೀತು. 2004ರಲ್ಲಿ ಅದಕ್ಕೆ ವಿಶ್ವಬ್ಯಾಂಕ್ ಸಾಲ ಮಂಜೂರಾಯಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವೇ ವಾರ್ಡುಗಳಲ್ಲಿ ಪ್ರಯೋಗ ನಡೆಯಿತು. ಖಾಸಗಿಯೋ ಸಾರ್ವಜನಿಕವೋ, ಮೀಟರು ಬೇಕೋ ಬೇಡವೋ ಎಂದು ಎರಡು ದಶಕ ಜಗಳವಾಡಿದೆವು. ಬರ್ಕ್ಲಿಯ ಸಂಶೋಧಕರು ನಮ್ಮ ಓಣಿಗಳನ್ನು ಸುತ್ತಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ನಿಮಗೆ ಗೊತ್ತು: ನಿರಂತರ ನೀರಿನ ವಾರ್ಡುಗಳಲ್ಲಿ ಟೈಫಾಯ್ಡ್ ಕಡಿಮೆ, ಆದರೆ ಮಕ್ಕಳ ಭೇದಿಯಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಳ್ಳೆಯ ಕೆಲಸ. ಇದೆಲ್ಲವೂ ನಲ್ಲಿಯ ತುದಿಯಲ್ಲಿ ನಿಂತು ಮಾಡಿದ ಕೆಲಸ ಎಂಬುದಷ್ಟೇ ನನ್ನ ಆಕ್ಷೇಪ.

ಪೈಪಿನ ಇನ್ನೊಂದು ತುದಿ ಇದೇ ಕಲಘಟಗಿ ತಾಲ್ಲೂಕಿನಲ್ಲಿದೆ. ಬೇಡ್ತಿ ಹೊಳೆಗೆ ಕಟ್ಟಿದ ನೀರಸಾಗರ ಜಲಾಶಯ 1950ರ ದಶಕದಿಂದ ಹುಬ್ಬಳ್ಳಿಗೆ ನೀರು ಕುಡಿಸಿದೆ; ಆಮೇಲೆ ಸವದತ್ತಿಯಿಂದ ಮಲಪ್ರಭೆ ಅಮ್ಮಿನಬಾವಿಯ ಮೂಲಕ ಬಂದಳು. ನಾನು ಪರೀಕ್ಷಕನಾಗಿ ಓದಿದ ಪ್ರಬಂಧಗಳಲ್ಲಿ ನೀರಸಾಗರ ‘ಮೂಲ’ ಎಂಬ ಕಾಲಮ್ಮಿನಲ್ಲಿ ಒಂದು ಹೆಸರು, ಅಷ್ಟೇ. ಅದರ ಸುತ್ತ ಜನ ಇದ್ದಾರೆ, ಬೆಳೆ ಇದೆ, ಅವರಿಗೂ ಒಂದು ಪಂಚಾಯ್ತಿ ಇದೆ ಎಂಬುದು ಅಡಿಟಿಪ್ಪಣಿಯಲ್ಲೂ ಬರುವುದಿಲ್ಲ.

ಹಿಂದೊಮ್ಮೆ ನಗರದಲ್ಲಿ ನೀರಿನ ದರದ ಮೇಲೆ ಸಭೆ. ಈ ಭಾಗದ ಒಬ್ಬ ಹಿರಿಯ ರೈತರು ಕೊನೆಯ ಕುರ್ಚಿಯಲ್ಲಿ ಟವೆಲ್ ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮೈಕು ಅವರ ತನಕ ಬರುವಷ್ಟರಲ್ಲಿ ಚಹಾದ ಹೊತ್ತಾಗಿತ್ತು. “ಸಾಹೇಬ್ರ, ನಿಮಗ ಇಪ್ಪತ್ನಾಕ್ ತಾಸು ನೀರು ಕೊಡತೀವಿ ಅಂತೀರಿ. ಪೈಪು ನಮ್ಮ ಹೊಲದಾಗ ಹಾದ್ ಹೋಗೇತಿ. ನಮ್ಮನ್ನ ಯಾವ ಮೀಟಿಂಗಿಗೆ ಕರೀತೀರಿ?” ಎಂದರು. ಎಲ್ಲರೂ ನಕ್ಕರು. ಸಭಾಧ್ಯಕ್ಷರು ಧನ್ಯವಾದ ಹೇಳಿದರು. ಉತ್ತರ ಹೇಳಿದವರಿಲ್ಲ.

ಲೆಕ್ಕವನ್ನಾದರೂ ನೋಡಿ. ಒಳಚರಂಡಿ ಇರುವ ಶಹರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಮಾನದಂಡ. ಜಲಜೀವನ್ ಮಿಷನ್ ಪ್ರಕಾರ ಹಳ್ಳಿಗೆ 55. ಫ್ಲಶ್ ಮಾಡಲು ನೀರು ಬೇಕಲ್ಲ ಎನ್ನುತ್ತಾರೆ ಎಂಜಿನಿಯರರು. ಸರಿ, ಫ್ಲಶ್ ಮಾಡಿದ್ದು ಎಲ್ಲಿಗೆ ಹೋಗುತ್ತದೆ? ಗಬ್ಬೂರು, ಬುಡರಸಿಂಗಿ ಕಡೆಯ ರೈತರು ಆ ಚರಂಡಿ ನೀರಿನಲ್ಲಿ ಕಾಯಿಪಲ್ಯ ಬೆಳೆಯುವುದನ್ನು ನಮ್ಮ ಕೃಷಿ ವಿಶ್ವವಿದ್ಯಾಲಯದವರು ಬ್ರಿಟನ್ನಿನವರ ಜತೆ ಸೇರಿ ಬಹಳ ಹಿಂದೆಯೇ ದಾಖಲಿಸಿದ್ದಾರೆ. ಘಾನಾದ ಕುಮಾಸಿ ನಗರದ ಜತೆ ಹುಬ್ಬಳ್ಳಿ-ಧಾರವಾಡವನ್ನಿಟ್ಟು, ಊರಂಚಿನ ಬದುಕನ್ನು ಹೋಲಿಸಿದ ಪುಸ್ತಕವೇ ಬಂತು. ಇಲ್ಲಿನ ರಾಜ್ಯಶಾಸ್ತ್ರ ವಿಭಾಗಗಳು ಅದನ್ನು ಮುಟ್ಟಲಿಲ್ಲ; ಕೃಷಿಯವರ ಬಾಬತ್ತು ಅಂದುಕೊಂಡವು.

ನಾವು 73ನೇ ತಿದ್ದುಪಡಿಯನ್ನು ಗ್ರಾಮೀಣಾಭಿವೃದ್ಧಿಯವರಿಗೂ 74ನೆಯದನ್ನು ನಗರಾಭಿವೃದ್ಧಿಯವರಿಗೂ ಪಾಲು ಹಾಕಿಕೊಟ್ಟು ಕೈತೊಳೆದುಕೊಂಡೆವು. ನಡುವೆ ಬಿದ್ದದ್ದು ಸಂವಿಧಾನದ 243ಜಡ್‌ಡಿ ವಿಧಿ, ಅಂದರೆ ಜಿಲ್ಲಾ ಯೋಜನಾ ಸಮಿತಿ. ಪಂಚಾಯ್ತಿ ಮತ್ತು ನಗರಸಂಸ್ಥೆಗಳ ಯೋಜನೆಗಳನ್ನು ಒಟ್ಟುಗೂಡಿಸುವಾಗ ನೀರಿನ ಹಂಚಿಕೆಯನ್ನೂ ನೋಡಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಆ ರೈತರು ಕೇಳಿದ ಮೀಟಿಂಗು ಇದೇ! ಸಮಿತಿಯ ಸದಸ್ಯರ ಪೈಕಿ ಐದರಲ್ಲಿ ನಾಲ್ಕು ಪಾಲು ಚುನಾಯಿತರಿಂದಲೇ ಆಯ್ಕೆಯಾಗಬೇಕು. ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯ್ತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯದಿದ್ದರೆ ಆರಿಸುವವರು ಯಾರು, ಆರಿಸಿಬರುವವರು ಯಾರು?

ನಾಳೆ ಚುನಾವಣೆ ಆಯಿತೆಂದೇ ಇಟ್ಟುಕೊಳ್ಳಿ. ನನ್ನ ನಿದ್ದೆಗೆಡಿಸುವ ಪ್ರಶ್ನೆ ಆಗ ಶುರು. ಸಮಿತಿಯಲ್ಲಿ ಹಳ್ಳಿ-ಪಟ್ಟಣದ ಸ್ಥಾನಗಳು ಜನಸಂಖ್ಯೆಗೆ ಅನುಗುಣವಾಗಿರಬೇಕು. 2011ರ ಜನಗಣತಿಯಂತೆ ಧಾರವಾಡ ಜಿಲ್ಲೆಯಲ್ಲಿ ಶೇ. 56ಕ್ಕೂ ಹೆಚ್ಚು ಜನ ಪಟ್ಟಣವಾಸಿಗಳು. ಅಂದರೆ ನೀರು ಕೇಳುವವರದೇ ಬಹುಮತ, ನೀರು ಕೊಡುವ ನೆಲ ಅಲ್ಪಸಂಖ್ಯಾತ. ತಲೆ ಎಣಿಸುವುದು ಬಿಟ್ಟು ಜಲಾನಯನದ ಎಕರೆ ಎಣಿಸೋಣವೇ? ಹಾಗೆ ಮಾಡಿದರೆ ಹೊಲ ಇದ್ದವನಿಗೆ ಹೆಚ್ಚು ಮತ, ಕೂಲಿಯವನಿಗೆ ಇಲ್ಲ. ಅದು ಜಮೀನ್ದಾರಿಯ ಹಿಂಬಾಗಿಲು. ಹಳ್ಳಿಗೆ ನೀರನ್ನು ತಡೆಯುವ ಅಧಿಕಾರ ಕೊಡೋಣವೇ? ಬರಗಾಲದಲ್ಲಿ ಹುಬ್ಬಳ್ಳಿಯ ಕೊಳಗೇರಿಯ ತಾಯಿ ಏನು ಮಾಡಬೇಕು? ಬರೀ ರೊಕ್ಕ ಕೊಡೋಣವೆಂದರೆ, ಬಿಲ್ಲು ಯಾರ ಹೆಸರಿಗೆ? ನನಗೆ ಬಗೆಹರಿದಿಲ್ಲ.

ಇದೇ ಮರೆವು ಪಾಲಿಕೆ ಒಡೆಯುವ ಮಾತು ಬಂದಾಗಲೂ ಕಂಡಿತು. 2025ರ ಜನವರಿಯಲ್ಲಿ, ಹುಬ್ಬಳ್ಳಿಯೊಂದಿಗೆ ಒಂದೇ ಪಾಲಿಕೆಯಲ್ಲಿದ್ದ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು ಸಚಿವ ಸಂಪುಟ ಒಪ್ಪಿತು. ಅನುದಾನವೆಲ್ಲ ಹುಬ್ಬಳ್ಳಿಗೇ ಹೋಗುತ್ತದೆಂಬ ಧಾರವಾಡಿಗರ ದೂರು ನ್ಯಾಯವಾದದ್ದೇ. ಪ್ರತ್ಯೇಕ ಪಾಲಿಕೆಯ ಬೇಡಿಕೆಗೆ ನಾನೂ ಸಹಿ ಹಾಕಿದವನು. 82 ವಾರ್ಡು ಹೇಗೆ ಒಡೆಯಬೇಕು, ಸಾಲ ಯಾರಿಗೆ, ಸಿಬ್ಬಂದಿ ಯಾರಿಗೆ ಎಂದು ನಾನು ಕೂತ ಸಭೆಗಳಲ್ಲಿ ಬಿಸಿಬಿಸಿ ಚರ್ಚೆಯಾಯಿತು. ಅಣ್ಣ-ತಮ್ಮಂದಿರ ಪಾಲುಪಟ್ಟಿಯಲ್ಲಿ ಬಾವಿ ಇರುವ ಹೊಲದವನನ್ನು ಕರೆಯಲಿಲ್ಲ.

ಇಲ್ಲಿಯೂ ಅದೇ ಕತೆ: ಈ ಸಂಕಿರಣದ ಮೊದಲ ಗೋಷ್ಠಿಯ ಪಟ್ಟಿಯಲ್ಲಿ ಎಂಜಿನಿಯರರ ಪ್ರಬಂಧ ಮೊದಲು, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳ (ಪಿ.ಡಿ.ಒ.) ಪ್ರತಿಕ್ರಿಯೆ ಊಟಕ್ಕೆ ಹತ್ತು ನಿಮಿಷ ಇರುವಾಗ ಎಂದಿದೆ. ಗೋಷ್ಠಿಯ ಅಧ್ಯಕ್ಷರು ನನ್ನ ಶಿಷ್ಯರು, ಬೇಸರ ಮಾಡಿಕೊಳ್ಳಲಾರರು. ಆ ಕ್ರಮವನ್ನು ತಿರುಗುಮುರುಗು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಪಿ.ಡಿ.ಒ.ಗಳು ಊರಲ್ಲಿ ನೀರು ಬಿಡುವವರನ್ನೂ ಜತೆಗೆ ಕರೆತಂದಿದ್ದಾರೆ; ಆ ನೀರು ಬಿಡುವವರು ಬಾಗಿಲ ಹತ್ತಿರ ನಿಂತಿದ್ದಾರೆ. ಅವರಿಗೊಂದಿಷ್ಟು ಕುರ್ಚಿ ಹಾಕಿಸಿ.